ನಲವತ್ತೇಳನೇ ಇಟ್ಟಿಗೆ

ನನಗೆ ಅನುಮಾನ ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಆಮೇಲೆ ಇನ್ನೊಬ್ಬರು ಬಂದು ಹೇಳುವುದು ಬೇಡ. ಹಾಲಿನ ಕ್ಯಾನಿನ ಮೇಲಿನ ತಾರೀಖನ್ನು ಅಂಗಡಿಯಲ್ಲೊಮ್ಮೆ ನೋಡಿ, ಮನೆಗೆ ತಂದ ಮೇಲೆ ಇನ್ನೊಮ್ಮೆ ನೋಡುವವಳು ನಾನು. ಗಂಡ ಇಸ್ಹಾಕ್ ಕರ್ಕ್‌ಲ್ಯಾಂಡಿನ ಆಫೀಸಿನಿಂದ ಅರ್ಧ ಗಂಟೆ ತಡವಾಗಿ ಬಂದರೆ, ಅವರು ಶೂ ಬಿಚ್ಚುವ ಮೊದಲೇ ಮೂರು ಪ್ರಶ್ನೆ ಮುಗಿದಿರುತ್ತವೆ. ಅವರು ನನ್ನನ್ನು ‘ಸಿಐಡಿ ಸಾಹೇಬರೇ’ ಎಂದು ಕರೆಯುತ್ತಾರೆ. ಕರೆಯಲಿ. ಕಮರ್ ಜಹಾನಳಿಗೆ ಸಂಬಳ ಬರುವುದು ಈ ಗುಣಕ್ಕೇ.

ಅಮೆರಿಕದಲ್ಲಿ ನಾವಿರುವ ಕಡೆ, ಟಕ್ವಿಲಾದಲ್ಲಿ ಮಾಲ್ ದಾಟಿದ ಮೇಲೆ ಗೋದಾಮುಗಳ ಸಾಲು ಶುರುವಾಗುತ್ತದಲ್ಲ, ಅದರಲ್ಲೊಂದು ನಮ್ಮದು. ಹೊರಗಿನಿಂದ ನೋಡಿದರೆ ಹಾಸಿಗೆ ಮಾರುವವರ ಗೋದಾಮಿನಂತೆಯೇ ಇದೆ. ಒಳಗಿರುವುದು ಒಂದು ಮ್ಯೂಸಿಯಮ್ಮಿನ ಉಗ್ರಾಣ. ಅಲ್ಲಿಗೆ ಏನು ಬಂತು, ಬಂದಾಗ ಹೇಗಿತ್ತು, ಹೋಗುವಾಗ ಹೇಗಿತ್ತು ಎಂದು ಬರೆದಿಡುವುದು ನನ್ನ ಕೆಲಸ. ಹದಿನೆಂಟು ವರ್ಷದಲ್ಲಿ ಒಂದು ಮಡಕೆ ಚೂರೂ ನನ್ನ ಕೈಯಲ್ಲಿ ಕಳೆದಿಲ್ಲ, ಮುಕ್ಕಾಗಿಲ್ಲ. ಈ ಮಾತನ್ನು ನಾನು ಎಷ್ಟು ಜನರಿಗೆ ಎಷ್ಟು ಸಲ ಹೇಳಿದ್ದೆನೆಂದು ನೆನೆದರೆ ಈಗ ಮೈಯೆಲ್ಲ ಉರಿಯುತ್ತದೆ.

ಕಳೆದ ಜೂನಿನಲ್ಲಿ ನಮ್ಮಲ್ಲಿಗೆ ಬಂದದ್ದು ರೋಮನ್ ಸೈನಿಕರ ಸ್ನಾನದ ಮನೆ. ಇಡೀ ಮನೆಯಲ್ಲ, ಅದರ ಅರವತ್ತಮೂರು ಇಟ್ಟಿಗೆ. ಇಂಗ್ಲೆಂಡಿನ ಉತ್ತರದಲ್ಲಿ ರೋಮನ್ನರದ್ದೊಂದು ಕೋಟೆಯಿತ್ತಂತೆ. ಅಲ್ಲಿನ ಚಳಿಗೆ ಸೈನಿಕರು ಬಿಸಿನೀರಿನ ಮನೆ ಕಟ್ಟಿಕೊಂಡಿದ್ದರು. ಅರವತ್ತು ವರ್ಷದ ಹಿಂದೆ ಅದನ್ನು ಅಗೆದ ಇಲ್ಲಿನ ಪ್ರೊಫೆಸರರೊಬ್ಬರು, ಅಧ್ಯಯನ ಮಾಡಿ ವಾಪಸು ಕೊಡುತ್ತೇನೆಂದು ಇಟ್ಟಿಗೆಗಳನ್ನು ತಂದು, ಮನೆಯ ಬೇಸ್‌ಮೆಂಟಿನಲ್ಲಿಟ್ಟು, ಮರೆತು, ತೀರಿಕೊಂಡರು. ಮಕ್ಕಳು ಮನೆ ಖಾಲಿ ಮಾಡುವಾಗ ಪೆಟ್ಟಿಗೆಗಳು ಸಿಕ್ಕವು. ಇಂಗ್ಲೆಂಡಿನವರು ಕೇಳಿದರು. ಜುಲೈ ಕೊನೆಯೊಳಗೆ ಎಲ್ಲವನ್ನೂ ಫೋಟೊ ತೆಗೆದು, ಬರೆದು, ಬಂದ ಹಾಗೆಯೇ ಕಳಿಸಿಕೊಡಬೇಕು ಎಂದು ನಮಗೆ ಒಪ್ಪಿಸಿದರು. ‘ಬಂದ ಹಾಗೆಯೇ’ ಎನ್ನುವ ಮಾತಿನ ಕೆಳಗೆ ಸಹಿ ಹಾಕಿದ್ದು ನಾನು.

ಲಾರಿ ಸೋಮವಾರ ಬರಬೇಕಿತ್ತು. ಗುರುವಾರವೇ ಬಂದುಬಿಟ್ಟಿತು. ಮಾರನೆಯ ದಿನ ಬಕ್ರೀದ್. ನಾನು ಎರಡು ದಿನ ರಜೆ ಹಾಕಿ, ಉಪವಾಸವಿದ್ದು, ಕ್ರಾಸ್‌ರೋಡ್ಸಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಗಳು ಇನಾಯಾ ಎದುರು ಬಲಗೈ ಚಾಚಿಕೊಂಡು ಕೂತಿದ್ದೆ. ಹುಡುಗಿ ಹುಟ್ಟಿದ್ದು ಇಲ್ಲಿ, ಮಾತಿಗೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ. ಆದರೆ ಆ ವರ್ಷ ಅದೇನು ಹೊಳೆಯಿತೋ, ಮೊಬೈಲಿನಲ್ಲಿ ನೋಡಿ ಮೆಹಂದಿ ಹಾಕುವುದನ್ನು ಕಲಿತಿದ್ದಳು. ಅಂಗೈಗೊಂದು ಹೂವು, ಬೆರಳ ತುದಿಗಳಿಗೆ ದಪ್ಪನೆಯ ಟೋಪಿ, ಥೇಟ್ ನಮ್ಮಮ್ಮ ಮೈಸೂರಿನಲ್ಲಿ ಹಾಕುತ್ತಿದ್ದ ಹಾಗೆ. ಕಣ್ಣು ತುಂಬಿಬಂತು. ಅಷ್ಟರಲ್ಲಿ ಫೋನು. ಲಾರಿ ಬಾಗಿಲಲ್ಲಿ ನಿಂತಿದೆ, ಡೈರೆಕ್ಟರ್ ಊರಲ್ಲಿಲ್ಲ, ಸಾಮಾನು ಇಳಿಸುವ ದೊಡ್ಡ ಬಾಗಿಲಿನ ಬೀಗದ ಕೈ ನನ್ನ ಹತ್ತಿರ ಮಾತ್ರ.

“ಅಮ್ಮೀ, ಡೋಂಟ್ ಯು ಡೇರ್ ವಾಶ್ ಇಟ್!” ಎಂದು ಇನಾಯಾ ಕಿರುಚಿದಳು.

“ಯಾರೇ ತೊಳೀತಾರೆ? ಕವರ್ ಹಾಕ್ಕೊಂಡು ಹೋಗ್ತೀನಿ,” ಅಂದೆ. ಬಣ್ಣ ಕೆಂಪಾಗಿ ಕೂರಲಿ ಎಂದು ನಮ್ಮ ಮಂಡಿ ಮೊಹಲ್ಲಾದ ಹೆಂಗಸರು ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಮಲಗುತ್ತಿದ್ದರು. ನಾನು ಆ ಕೆಲಸವನ್ನು ಉಗ್ರಾಣದ ನೀಲಿ ಗ್ಲೌಸಿನಿಂದ ಮಾಡಿದೆ. ಒಳಗೆ ಮೆಹಂದಿ ಬೆವರುತ್ತಿತ್ತು, ಹೊರಗೆ ಕೆಲಸ ನಡೆಯುತ್ತಿತ್ತು.

ಒಂದೊಂದೇ ಇಟ್ಟಿಗೆ ಬಿಚ್ಚಿ, ಫೋಟೊ ತೆಗೆದು, ಎತ್ತಿ ಟ್ರೇಗೆ ಇಟ್ಟೆ. ಕೆಲವು ಚಪ್ಪಟೆ ಇಟ್ಟಿಗೆ, ಕೆಲವು ಪೆಟ್ಟಿಗೆಯ ಹಾಗೆ ಪೊಳ್ಳು. ಒಂದರ ಮೇಲೆ ಯಾವನೋ ಸೈನಿಕ ಹಸಿ ಮಣ್ಣಿನ ಮೇಲೆ ಕಾಲಿಟ್ಟು ಹೋಗಿದ್ದ, ಅವನ ಚಪ್ಪಲಿಯ ಮೊಳೆಗಳ ಗುರುತು ಹಾಗೆಯೇ ಇತ್ತು. ನಲವತ್ತೇಳನೆಯದು ಪೊಳ್ಳು ಇಟ್ಟಿಗೆ. ಒಂದು ಮೈಗೆ ಹಳೆಯ ಸುಣ್ಣದ ಗಾರೆ ಬೆಳ್ಳಗೆ ಅಂಟಿಕೊಂಡಿತ್ತು, ಅರವತ್ತಮೂರರಲ್ಲಿ ಗಾರೆ ಉಳಿದಿದ್ದ ಇಟ್ಟಿಗೆ ಅದೊಂದೇ. ಅಂಚುಗಳು ಮಹಾ ಒರಟು. ನಡುವೆ ಒಂದು ಗ್ಲೌಸ್ ಹರಿಯಿತು, ಬಿಸಾಕಿ ಬೇರೆ ಹಾಕಿಕೊಂಡೆ. ಸಂಜೆ ಮನೆಗೆ ಹೋಗಿ, ಖರ್ಜೂರ ಬಾಯಿಗಿಟ್ಟು, ಕೈ ತೊಳೆದರೆ ಮೆಹಂದಿ ಅದ್ಭುತವಾಗಿ ಕೂತಿತ್ತು. ಇಸ್ಹಾಕ್, “ನೋಡ್ದಾ, ನನ್ನ ಪ್ರೀತಿ ಎಷ್ಟಿದೆ ಅಂತ,” ಎಂದು ಬೀಗಿದರು.

ಸೋಮವಾರ ಬೆಳಿಗ್ಗೆ ನಲವತ್ತೇಳನೆಯ ಟ್ರೇ ಎಳೆದೆ.

ಬಿಳಿ ಗಾರೆಯ ಮೇಲೆ ಮೂರು ಕೆಂಪು ಕಲೆ. ಒಂದರ ಪಕ್ಕ ಒಂದು, ಬೆರಳು ಒತ್ತಿದ ಹಾಗೆ. ಗುರುವಾರದ ಫೋಟೊ ತೆಗೆದು ನೋಡಿದೆ, ಗಾರೆ ಬೆಳ್ಳಗಿತ್ತು. ನಾವೆಲ್ಲ ಬ್ಯಾಡ್ಜ್ ತೋರಿಸಿ ಓಡಾಡುವ ಸಣ್ಣ ಬಾಗಿಲಿನ ದಾಖಲೆ ತೆಗೆದೆ. ಗುರುವಾರ ನಾನು ಹೋದ ಮೇಲೆ ಸೋಮವಾರ ನಾನು ಬರುವವರೆಗೆ ಒಳಗೆ ಬಂದವರು ಒಬ್ಬರೇ. ಶುಕ್ರವಾರ ಹತ್ತು ಐದಕ್ಕೆ ಒಳಗೆ, ಮೂರು ನಲವತ್ತಕ್ಕೆ ಹೊರಗೆ. ಗಣಪತಿ ಸರ್.

ಗಣಪತಿ ಸರ್‌ಗೆ ಎಪ್ಪತ್ತಾರು. ಮೈಸೂರಿನ ಅಗ್ರಹಾರದವರು. ಐವತ್ತು ವರ್ಷದ ಹಿಂದೆ ಇಲ್ಲಿನ ಯೂನಿವರ್ಸಿಟಿಗೆ ಓದಲು ಬಂದು, ಆಮೇಲೆ ವಿಮಾನದ ಕಾರ್ಖಾನೆಯಲ್ಲಿ ಬಿಸಿ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಲೆಕ್ಕ ಹಾಕುತ್ತಾ ರಿಟೈರ್ ಆದರು. ಹೆಂಡತಿ ಕಮಲಾ ಅವರು ಹೋಗಿ ಎರಡು ವರ್ಷ. ಕಣ್ಣಿನ ಆಪರೇಷನ್ ಆದ ಮೇಲೆ ಕಾರು ಬಿಟ್ಟರು. ಅವರಿರುವುದೂ ಕ್ರಾಸ್‌ರೋಡ್ಸಿನಲ್ಲೇ. ಪ್ರತಿ ಶುಕ್ರವಾರ ಎರಡು ಬಸ್ಸು ಬದಲಿಸಿಕೊಂಡು, ಒಂದು ಪೈಸೆ ಸಂಬಳವಿಲ್ಲದೆ, ನಮ್ಮ ಉಗ್ರಾಣಕ್ಕೆ ಬರುತ್ತಿದ್ದರು. ಈ ಇಟ್ಟಿಗೆಗಳಿಗಾಗಿ ಮೂರು ತಿಂಗಳಿಂದ ಕಾದಿದ್ದರು. ಆ ಪ್ರೊಫೆಸರರ ಹಳೆಯ ಟಿಪ್ಪಣಿ ಇಟ್ಟುಕೊಂಡು, ಯಾವ ಇಟ್ಟಿಗೆ ಎಲ್ಲಿತ್ತು ಎಂದು ಆ ಸ್ನಾನದ ಮನೆಯ ಬಿಸಿ ಕೋಣೆಯ ನಕ್ಷೆ ಬರೆಯುತ್ತಿದ್ದರು.

“ಇದೇನು ಮಹಾ ವಿದ್ಯೆ ಅಂತೀರಮ್ಮಾ,” ಎಂದು ಇಟ್ಟಿಗೆಗಳು ಬರುವ ಮೊದಲೇ ಒಮ್ಮೆ, ಟಿಪ್ಪಣಿಯಲ್ಲಿದ್ದ ಹಳೆಯ ಫೋಟೊ ತೋರಿಸಿ ನನಗೆ ವಿವರಿಸಿದ್ದರು. “ನಮ್ಮ ಬಚ್ಚಲೊಲೆನೇ. ಒಲೆ ಹೊರಗೆ, ಬಿಸಿ ಒಳಗೆ. ನಾವು ಹಂಡೆ ಕೆಳಗೆ ಉರಿ ಹಾಕಿ ಸುಮ್ನಾದ್ವಿ. ಅವ್ರು ನೆಲದ ಕೆಳಗೆ ಓಡ್ಸಿ, ಈ ಪೊಳ್ಳು ಇಟ್ಟಿಗೆ ಇದೆಯಲ್ಲ, ಇದರೊಳಗೆ ಹಾಯ್ಸಿ, ಗೋಡೇನೂ ಬೆಚ್ಚಗೆ ಮಾಡಿದ್ರು. ಮಸಿ ನೋಡಿ, ಎರಡು ಸಾವಿರ ವರ್ಷದ್ದು. ನಮ್ಮಜ್ಜಿ ಆಗಿದ್ರೆ ಹಲ್ಲುಜ್ಜೋಕೆ ಕೆರ್ಕೊಂಡಿರೋರು.”

ಅವರು ನನಗೆ ಇಷ್ಟ. ಅದಕ್ಕೇ ಅನುಮಾನ ಇನ್ನೂ ಹೆಚ್ಚಾಯಿತು. ಇಷ್ಟವಾದವರ ಮೇಲೆ ನಾವು ಕಣ್ಣಿಡುವುದಿಲ್ಲವಲ್ಲ, ಎಲ್ಲ ಅನಾಹುತ ನಡೆಯುವುದು ಅಲ್ಲೇ ಎಂದು ನನ್ನ ವಾದ.

ಕ್ಯಾಮೆರಾ ಹಾಕಿದೆ. ಶುಕ್ರವಾರ ಹನ್ನೊಂದು ಗಂಟೆ ಎರಡು ನಿಮಿಷ. ಗಣಪತಿ ಸರ್ ನಲವತ್ತೇಳನೆಯ ಟ್ರೇಯನ್ನು ಮೇಜಿನ ಮೇಲಿಟ್ಟುಕೊಂಡಿದ್ದಾರೆ. ಶರ್ಟಿನ ಜೇಬಿಗೆ ಕೈ ಹಾಕಿ ಏನೋ ಹೊಳೆಯುವಂಥದ್ದು ತೆಗೆಯುತ್ತಾರೆ. ಮುಚ್ಚಳ ತೆರೆಯುತ್ತಾರೆ. ಎರಡು ಬೆರಳು ಒಳಗೆ ಹೋಗುತ್ತವೆ. ಆಮೇಲೆ ಕ್ಯಾಮೆರಾಕ್ಕೆ ಬೆನ್ನು. ಅದಾದ ಮೇಲೆ ಇಟ್ಟಿಗೆಯ ಮೇಲೆ ಬಗ್ಗುತ್ತಾರೆ. ಏಳು ಸಲ ನೋಡಿದೆ. ಏಳನೆಯ ಸಲ ದೊಡ್ಡದು ಮಾಡಿ ನಿಲ್ಲಿಸಿದಾಗ ಆ ಹೊಳೆಯುವ ವಸ್ತು ಏನೆಂದು ತಿಳಿಯಿತು. ಬೆಳ್ಳಿಯ ಕುಂಕುಮದ ಭರಣಿ. ಮೈಸೂರಿನಲ್ಲಿ ಹುಟ್ಟಿ, ದಸರಾ ಗೊಂಬೆ ನೋಡಲು ಗೆಳತಿಯರ ಮನೆಗೆಲ್ಲ ಹೋಗಿ ಬಳೆ ಹಾಕಿಸಿಕೊಂಡು ಬಂದವಳಿಗೆ ಅದು ಗೊತ್ತಾಗದೇ?

ಕೂಡಲೇ ಇನ್ನೊಂದು ನೆನಪಾಯಿತು. ಕಾರ್ಖಾನೆಯಲ್ಲಿದ್ದಾಗ ಆಯುಧಪೂಜೆಯ ದಿನ ಅವರು ಕೋಟಿಗಟ್ಟಲೆ ಬೆಲೆಯ ಟೆಸ್ಟಿಂಗ್ ಮೆಷಿನ್ನಿಗೆ ಕುಂಕುಮ ಇಟ್ಟಿದ್ದರಂತೆ. ಅಮೆರಿಕನ್ ಬಾಸ್ ಬಂದು, ಈ ಕೆಂಪು ಗುರುತು ಯಾವ ತಪಾಸಣೆಯದು ಎಂದು ಕೇಳಿದನಂತೆ. ಈ ಕಥೆ ಹೇಳಿ ಅವರೇ ನಕ್ಕಿದ್ದರು, ನಾನೂ ನಕ್ಕಿದ್ದೆ. ಈಗ ನಗು ಬರಲಿಲ್ಲ. ಮೂರು ತಿಂಗಳು ಕಾದ ಇಟ್ಟಿಗೆ ಕೈಗೆ ಸಿಕ್ಕಿದೆ, ಸುತ್ತ ಯಾರೂ ಇಲ್ಲ, ಭಕ್ತಿ ಉಕ್ಕಿರಬೇಕು, ಇಟ್ಟೇಬಿಟ್ಟಿದ್ದಾರೆ! ಪೂಜೆಯ ವಿಷಯವೆಂದು ನಾನು ಸುಮ್ಮನಿರಬೇಕಿತ್ತೇ? ಯಾರ ದೇವರ ಹೆಸರಲ್ಲಾದರೂ ಆಗಲಿ, ನನ್ನ ಇಟ್ಟಿಗೆಯ ಮೇಲೆ ಕಲೆ ಬೀಳಕೂಡದು.

ಮುಂದಿನ ಶುಕ್ರವಾರ ಅವರು ಬಂದು ಬ್ಯಾಗು ಇಡುವ ಮೊದಲೇ ಟ್ರೇ ಮುಂದಿಟ್ಟೆ.

“ಸರ್, ಇದೇನಿದು?”

ಅವರು ಕನ್ನಡಕ ಏರಿಸಿ ನೋಡಿದರು. ಮುಖ ಬಿಳಿಚಿಕೊಂಡಿತು. “ಅಯ್ಯೋ, ಯಾರಮ್ಮಾ ಮಾಡಿದ್ದು?”

“ಅದನ್ನೇ ನಾನೂ ಕೇಳ್ತಿದೀನಿ. ನಿಮ್ಮ ಜೇಬಲ್ಲಿ ಏನಿದೆ ಸರ್?”

ಎಪ್ಪತ್ತಾರು ವರ್ಷದ ಮನುಷ್ಯನಿಗೆ ನಾನು ಕೇಳಿದ ಪ್ರಶ್ನೆ ಇದು. ಸ್ಕೂಲ್ ಹುಡುಗನನ್ನು ಕೇಳುವ ಹಾಗೆ ಕೇಳಿದೆ. ಅವರು ಜೇಬು ಮುಟ್ಟಿಕೊಂಡರು. ನಿಧಾನವಾಗಿ ಭರಣಿ ತೆಗೆದು ಮೇಜಿನ ಮೇಲಿಟ್ಟರು.

“ಕಮಲಾದು. ಈಗ ಇದರಲ್ಲಿ ನನ್ನ ಬಿಪಿ ಮಾತ್ರೆ ಇಟ್ಕೊಳ್ತೀನಿ. ಹನ್ನೊಂದು ಗಂಟೆಗೆ ಒಂದು.” ಮುಚ್ಚಳ ತೆಗೆದರು. ಒಳಗೆ ನಾಲ್ಕು ಬಿಳಿ ಮಾತ್ರೆ. ಅವುಗಳ ಅಂಚಿಗೆಲ್ಲ ಕೆಂಪು ಪುಡಿ ಹತ್ತಿತ್ತು. ಭರಣಿಯ ತಳದಲ್ಲಿ, ಮೂಲೆಗಳಲ್ಲಿ, ಕುಂಕುಮ ಇನ್ನೂ ಗಟ್ಟಿಯಾಗಿ ಕೂತಿತ್ತು. “ಅವಳು ಕೊನೆಗೆ ಆಸ್ಪತ್ರೆಗೆ ಹೋಗೋ ದಿನ ಇಟ್ಕೊಂಡಿದ್ದು. ಆಮೇಲೆ ನಾನು ತೊಳೀಲಿಲ್ಲ. ತೊಳೀಬೇಕು ಅನ್ನಿಸ್ಲಿಲ್ಲ.”

ಅದರಲ್ಲೊಂದು ಕಡೆ ಬೆರಳು ಒತ್ತಿ ತೆಗೆದ ಗುಳಿ ಇತ್ತು. ನಾನು ಅದನ್ನು ನೋಡಿದೆ. ನೋಡಿಯೂ ನನ್ನ ಬಾಯಿ ನಿಲ್ಲಲಿಲ್ಲ.

“ಮಾತ್ರೆ ತಗೊಂಡ ಮೇಲೆ ಗ್ಲೌಸ್ ಹಾಕ್ಕೊಂಡ್ರಾ?”

“ಹಾಕ್ಕೊಂಡಿರ್ತೀನಮ್ಮ. ಯಾವಾಗ್ಲೂ ಹಾಕ್ಕೋತೀನಿ.”

“ಖಂಡಿತಾನಾ? ಕ್ಯಾಮೆರಾದಲ್ಲಿ ನಿಮ್ಮ ಕೈ ಕಾಣಲ್ಲ.”

ಅವರು ತಮ್ಮ ಬಲಗೈಯ ಎರಡು ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. ಉಗುರ ಸಂದಿಯಲ್ಲಿ ಕೆಂಪಿತ್ತು. ಆಮೇಲೆ, “ಹಾಗಾದ್ರೆ ನಾನೇ ಇರಬಹುದು. ವಯಸ್ಸಾಯ್ತು. ಇತ್ತೀಚೆಗೆ ಗ್ಯಾಸ್ ಆರಿಸಿದ್ನೋ ಇಲ್ವೋ ಅಂತ್ಲೂ ಎರಡೆರಡು ಸಲ ನೋಡ್ತೀನಿ. ಬರ್ಕೊಳ್ಳಿ, ನನ್ನ ಹೆಸರು ಬರ್ಕೊಳ್ಳಿ. ಗಾರೆ ಉಳಿದಿದ್ದ ಇಟ್ಟಿಗೆ ಇದೊಂದೇ ಇತ್ತಲ್ಲಮ್ಮಾ,” ಎಂದರು.

ಇಷ್ಟು ಸುಲಭವಾಗಿ ಒಪ್ಪಿಕೊಂಡರಲ್ಲ, ಹಿಂದೆ ಇನ್ನೇನೋ ಇದೆ ಎಂದು ನನಗೆ ಆಗ ಅನ್ನಿಸಿತು. ನನ್ನ ತಲೆ ಹೇಗೆ ಓಡುತ್ತದೆ ನೋಡಿ. ಒಪ್ಪದಿದ್ದರೆ ಸುಳ್ಳು, ಒಪ್ಪಿದರೆ ದೊಡ್ಡ ಸುಳ್ಳು.

ಡೈರೆಕ್ಟರ್ ಬಂದರು, ಕ್ಯಾಮೆರಾ ನೋಡಿದರು, ಹಾನಿಯ ವರದಿ ಬರೆಯಲು ಹೇಳಿದರು. ಆ ವರದಿ ಇಟ್ಟಿಗೆಯ ಜೊತೆ ಇಂಗ್ಲೆಂಡಿಗೆ ಹೋಗುತ್ತದೆ. ಅದರಲ್ಲಿ ‘ಹಾನಿಗೆ ಕಾರಣರಾದವರು’ ಎಂದೊಂದು ಜಾಗವಿದೆ. ಅಲ್ಲಿ ಗಣಪತಿ ಸರ್ ಹೆಸರು ಬರೆದೆ. ವರದಿ ಹಾಗೇ ಮುಗಿದರೆ ಅವರು ಮತ್ತೆಂದೂ ನಮ್ಮ ಬಾಗಿಲೊಳಗೆ ಬರುವಂತಿಲ್ಲ. ಸದ್ಯಕ್ಕೆ ಬ್ಯಾಡ್ಜ್ ವಾಪಸು ಕೊಡಬೇಕು. ಅವರು ಕೊರಳಿನಿಂದ ತೆಗೆದು, ದಾರವನ್ನು ನೀಟಾಗಿ ಸುತ್ತಿ, ನನ್ನ ಕೈಗೇ ಕೊಟ್ಟರು. “ನಕ್ಷೆ ಸ್ವಲ್ಪ ಬಾಕಿ ಇತ್ತು,” ಅಂದರು, ಅಷ್ಟೇ.

ಕಲೆ ಯಾವುದರದ್ದೆಂದು ಖಾತ್ರಿಯಾಗದೆ ತೊಳೆಯುವಂತಿಲ್ಲ. ಕೂದಲೆಳೆಯಷ್ಟು ಗಾರೆ ಕೆರೆದು ಯೂನಿವರ್ಸಿಟಿ ಲ್ಯಾಬಿನ ರೋಹಿತ್‌ಗೆ ಕಳಿಸಿದೆ. ಚೀಟಿಯಲ್ಲಿ ‘ಬಹುಶಃ ಕುಂಕುಮ’ ಎಂದು ನಾನೇ ಬರೆದೆ.

ರಾತ್ರಿ ಊಟಕ್ಕೆ ಕೂತಾಗ ಎಲ್ಲ ಹೇಳಿದೆ. ಇಸ್ಹಾಕ್ ಹುಬ್ಬು ಗಂಟಿಕ್ಕಿದರು. “ಗಣಪತಿ ಸರ್ರಾ? ಅವ್ರು ಸೊಳ್ಳೆ ಹೊಡೆಯೋಕೂ ಯೋಚ್ನೆ ಮಾಡ್ತಾರೆ. ಬೇರೆ ಯಾರನ್ನೂ ಕೇಳ್ಲಿಲ್ವಾ?”

“ಬೇರೆ ಯಾರಿದ್ರು ರೀ ಅಲ್ಲಿ?”

“ನೀನಿದ್ದೆ.”

ನನಗೆ ಎಲ್ಲಿಲ್ಲದ ಕೋಪ ಬಂತು. “ನಾನಾ? ನನ್ನ ಕೈಗೆ ಗ್ಲೌಸ್ ಇತ್ತು! ಹದಿನೆಂಟು ವರ್ಷ ಆಯ್ತು, ನನ್ನ ಕೈಯಲ್ಲಿ ಒಂದೇ ಒಂದು...”

“ಒಂದು ಮಡಕೆ ಚೂರೂ ಮುಕ್ಕಾಗಿಲ್ಲ, ಗೊತ್ತು,” ಎಂದು ಅವರು ಅನ್ನಕ್ಕೆ ಸಾರು ಬಿಟ್ಟುಕೊಂಡರು. ಇನಾಯಾ ಮೊಬೈಲಿನಿಂದ ತಲೆಯೆತ್ತದೆ, “ಅಮ್ಮೀ, ದಟ್ಸ್ ಸೋ ಮೀನ್,” ಅಂದಳು. ಇಬ್ಬರ ಜೊತೆಯೂ ಎರಡು ದಿನ ಮಾತು ಬಿಟ್ಟೆ.

ಅದರ ಮುಂದಿನ ಶುಕ್ರವಾರ ನನಗೆ ಅರ್ಧ ದಿನ ರಜೆ. ಕ್ರಾಸ್‌ರೋಡ್ಸಿನ ಮಾಲ್‌ಗೆ ಕೊತ್ತಂಬರಿ ಸೊಪ್ಪು ತರಲು ಹೋಗಿ, ಕೊಂಡು ವಾಪಸು ಬರುತ್ತಿದ್ದರೆ, ಅಲ್ಲಿ ಆಳೆತ್ತರದ ಚೆಸ್ ಕಾಯಿಗಳಿವೆಯಲ್ಲ, ಅದರ ಪಕ್ಕದ ಕುರ್ಚಿಯಲ್ಲಿ ಗಣಪತಿ ಸರ್. ಕಾಲ ಬಳಿ ಅದೇ ಬಟ್ಟೆ ಬ್ಯಾಗು. ಆಟ ನೋಡುತ್ತಿರಲಿಲ್ಲ. ಗಡಿಯಾರ ನೋಡುತ್ತಿದ್ದರು. ಯಾರಿಗೋ ಕಾಯುತ್ತಿದ್ದಾರೆ! ಬ್ಯಾಗಿನಲ್ಲಿ ಏನಿದೆ? ಉಗ್ರಾಣದಿಂದ ಏನಾದರೂ ಹೊರಗೆ ಬಂದಿದೆಯೇ? ಅರವತ್ತಮೂರೂ ಇವೆ ಎಂದು ನಾನೇ ಬೆಳಿಗ್ಗೆ ಎಣಿಸಿ ಬಂದಿದ್ದೆ, ಆದರೂ ಒಂದು ಕಂಬದ ಹಿಂದೆ ನಿಂತೆ. ಮುಕ್ಕಾಲು ಗಂಟೆ ನಿಂತೆ. ಹೆಗಲ ಮೇಲಿನ ಚೀಲದಲ್ಲಿ ಸೊಪ್ಪು ಬಾಡಿತು.

ಯಾರೂ ಬರಲಿಲ್ಲ. ಹನ್ನೆರಡೂವರೆಗೆ, ಉಗ್ರಾಣದಲ್ಲಿ ಊಟಕ್ಕೆ ಕೂರುತ್ತಿದ್ದ ಹೊತ್ತಿಗೆ ಸರಿಯಾಗಿ, ಅವರು ಬ್ಯಾಗಿನಿಂದ ಸ್ಟೀಲ್ ಡಬ್ಬಿ ತೆಗೆದು ಮೊಸರನ್ನ ತಿಂದರು. ಡಬ್ಬಿ ಮುಚ್ಚಿದರು. ಸುತ್ತಿದ್ದ ಒಂದು ಕಾಗದ ಬಿಡಿಸಿ ತೊಡೆಯ ಮೇಲಿಟ್ಟುಕೊಂಡು ಪೆನ್ಸಿಲಿನಿಂದ ಏನೋ ತಿದ್ದಿದರು. ಮೂರು ನಲವತ್ತರವರೆಗೂ ಅಲ್ಲೇ ಕೂರುತ್ತಿದ್ದರೋ ಏನೋ, ನನಗೆ ನೋಡಲಾಗಲಿಲ್ಲ. ಮನೆಗೆ ಬಂದುಬಿಟ್ಟೆ. ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಆ ಸರಿಯಿಲ್ಲದ್ದು ನಾನೇ ಎಂದು ಮಾತ್ರ ತಲೆಗೆ ಹೋಗಲಿಲ್ಲ.

ಜುಲೈ ಮೊದಲ ವಾರ ರೋಹಿತ್ ಫೋನ್ ಮಾಡಿದ. ಬೆಂಗಳೂರಿನ ಹುಡುಗ, ಪಿಎಚ್‌ಡಿ ಮುಗಿಸಿ ಅದೇ ಲ್ಯಾಬಿನಲ್ಲಿ ಕೆಲಸಕ್ಕಿದ್ದಾನೆ.

“ಮೇಡಂ, ನಿಮ್ಮ ಸ್ಯಾಂಪಲ್ ಕುಂಕುಮ ಅಲ್ಲ.”

“ಮತ್ತೆ ಹೇಳು.”

“ಕುಂಕುಮ ಆಗಿದ್ರೆ ಅರಿಶಿನ ಸಿಗ್ಬೇಕಿತ್ತು. ಅಂಗಡಿ ಕುಂಕುಮ ಆದ್ರೆ ಕಲರ್ ಪೌಡರ್ ಸಿಗ್ಬೇಕು. ಎರಡೂ ಇಲ್ಲ. ಇದು ಮೆಹಂದಿ. ನೂರಕ್ಕೆ ನೂರು. ಎರಡು ಸಲ ಟೆಸ್ಟ್ ಮಾಡಿದೀನಿ.”

ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ಫೋನು ಎಡಗೈಯಲ್ಲಿತ್ತು.

“ಆದ್ರೆ ರೋಹಿತ್, ಮೊದಲ ದಿನದ ಫೋಟೊದಲ್ಲಿ ಕಲೆನೇ ಇಲ್ವಲ್ಲ?”

“ಫೋಟೊ ಆದ್ಮೇಲೆ ಹತ್ತಿರ್ಬೇಕು. ಆಮೇಲೆ ಹತ್ತಿದ್ ಕೂಡ್ಲೇ ಕಾಣಲ್ಲ ಮೇಡಂ, ತೆಳು ಕಿತ್ತಳೆ ಇರುತ್ತೆ. ಎರಡು ದಿನ ಗಾಳಿಗೆ ಬಿಟ್ರೆ ಕಡು ಆಗುತ್ತೆ. ನಿಮಗೆ ಹೇಳ್ಬೇಕಾ? ನಿಮ್ಮನೇಲೆಲ್ಲ ಹಾಕ್ಕೊಳ್ತೀರಲ್ಲ.”

ಬಲಗೈ ಒಲೆಯ ಕಟ್ಟೆಯ ಮೇಲಿತ್ತು. ಅಂಗೈಯ ಹೂವು ಯಾವಾಗಲೋ ಮಾಸಿಹೋಗಿತ್ತು. ಉಗುರುಗಳು ಮಾತ್ರ ಇನ್ನೂ ಕೆಂಪಗಿದ್ದವು. ತಿಂಗಳಿಡೀ ಅದೇ ಬೆರಳಿನಿಂದ ಕ್ಯಾಮೆರಾ ಹಿಂದೆ ಮುಂದೆ ಮಾಡಿ ನೋಡಿದ್ದೆ. ಅದೇ ಬೆರಳಿನಿಂದ ಅವರ ಹೆಸರು ಬರೆದಿದ್ದೆ. ಹರಿದ ಗ್ಲೌಸ್ ನೆನಪಾಯಿತು. ನಲವತ್ತೇಳನೆಯ ಇಟ್ಟಿಗೆಯ ಅಂಚಿಗೆ ಸಿಕ್ಕಿ ಹರಿದದ್ದು. ತೋರುಬೆರಳು, ನಡುಬೆರಳು, ಉಂಗುರದ ಬೆರಳು, ಮೂರರ ತುದಿಯೂ ಹೊರಗೆ ಬಂದಿದ್ದವು. ಛೇ ಎಂದುಕೊಂಡು ಇಟ್ಟಿಗೆಯನ್ನು ಟ್ರೇಗಿಟ್ಟು, ಆಮೇಲೆ ಗ್ಲೌಸ್ ಬಿಸಾಕಿದ್ದೆ. ಮೊದಲು ಟ್ರೇ, ಆಮೇಲೆ ಗ್ಲೌಸ್.

ನಾಚಿಕೆಯಿಂದ ಮುಖ ಸುಟ್ಟುಹೋಯಿತು. ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಇನಾಯಾ ಓಡಿ ಬಂದು, ಏನಾಯಿತೆಂದು ಕೇಳಿ, ನನ್ನ ಕೈ ಹಿಡಿದುಕೊಂಡಳು. ಅವಳೇ ಹಾಕಿದ ಟೋಪಿಗಳು. ಅವಳಿಗೆ ಹೇಳಲಾಗಲಿಲ್ಲ.

ಡೈರೆಕ್ಟರ್‌ಗೆ ಆವತ್ತೇ ಫೋನ್ ಮಾಡಿ ಹೇಳಿದೆ. ವರದಿಯಲ್ಲಿ ಗಣಪತಿ ಸರ್ ಹೆಸರು ತೆಗೆದು ಕಮರ್ ಜಹಾನ್ ಎಂದು ಬರೆದೆ. ಡೈರೆಕ್ಟರ್ ಎರಡು ಮಾತು ಬಿಸಿಯಾಗಿ ಅಂದರು, ಅನ್ನಬೇಕಾದದ್ದೇ. ಅದಲ್ಲ ನನಗೆ ಕಷ್ಟವಾದದ್ದು. ಗಣಪತಿ ಸರ್ ಮನೆ ನಮ್ಮಿಂದ ಎರಡು ಬ್ಲಾಕ್ ಆಚೆ. ಅಷ್ಟು ದೂರ ನಡೆಯಲು ನನಗೆ ಅರ್ಧ ಗಂಟೆ ಬೇಕಾಯಿತು. ಎರಡು ಸಲ ವಾಪಸು ತಿರುಗಿದ್ದೆ.

ಬಾಗಿಲು ತೆಗೆದವರ ಮುಖ ಅರಳಿತು. “ಬನ್ನಿ ಬನ್ನಿ, ನಾನೇ ಫೋನ್ ಮಾಡ್ಬೇಕು ಅಂತಿದ್ದೆ. ಕೂತ್ಕೊಳ್ಳಿ.”

ಊಟದ ಮೇಜಿನ ತುಂಬ ನಕ್ಷೆ ಹರಡಿತ್ತು. ಇಟ್ಟಿಗೆ ಇಟ್ಟಿಗೆಯಾಗಿ ಇಡೀ ಬಿಸಿ ಕೋಣೆ. ಒಲೆಯ ಬಾಯಿ, ನೆಲದ ಕೆಳಗಿನ ಕಂಬಗಳು, ಗೋಡೆಯೊಳಗೆ ಹೊಗೆ ಹತ್ತುವ ದಾರಿ. ಪ್ರತಿ ಇಟ್ಟಿಗೆಗೂ ಸಂಖ್ಯೆ. ಗೋಡೆಯ ಒಂದು ಕಡೆ ಒಂದೇ ಒಂದು ಚೌಕ ಖಾಲಿ ಬಿಟ್ಟಿದ್ದರು. ಅದು ಯಾವುದೆಂದು ಕೇಳಬೇಕಾಗಿರಲಿಲ್ಲ.

“ಸರ್, ನಾನು ನಿಮಗೊಂದು ಮಾತು...”

“ಇರಿ, ಮೊದಲು ಇದನ್ನ ನೋಡಿ.” ಒಳಗೆ ಹೋಗಿ ಬಂದು ಭರಣಿಯನ್ನು ನನ್ನ ಮುಂದಿಟ್ಟರು. ಹೊಸದರ ಹಾಗೆ ಥಳಥಳ ಹೊಳೆಯುತ್ತಿತ್ತು. ಮುಚ್ಚಳ ತೆಗೆದು, ನನಗೆ ಕಾಣುವಂತೆ ಬೆಳಕಿಗೆ ವಾಲಿಸಿದರು. “ಹುಣಸೇಹಣ್ಣು ಹಾಕಿ ಉಜ್ಜಿದೆ. ಮೂಲೆಗೆ ಹಳೇ ಟೂತ್‌ಬ್ರಶ್. ಎರಡು ದಿನ ಹಿಡೀತು. ಒಂದು ಕಣ ಇಲ್ಲ ನೋಡಿ. ಇನ್ನು ನಿಮ್ಮ ಇಟ್ಟಿಗೆಗಳಿಗೆ ನನ್ನಿಂದ ಭಯ ಇಲ್ಲ. ಡೈರೆಕ್ಟರ್‌ಗೆ ಒಂದ್ಮಾತು ಹೇಳ್ತೀರಾ? ಗ್ಲೌಸನ್ನೂ ಎರಡೆರಡು ಹಾಕ್ಕೋತೀನಿ. ಇಟ್ಟಿಗೆ ವಾಪಸ್ ಹೋಗೋದ್ರೊಳಗೆ ಇನ್ನೊಂದು ಮೂರು ಶುಕ್ರವಾರ ಬಂದ್ರೆ ಸಾಕು.”

ತಳ ಖಾಲಿ. ಕಮಲಾ ಅವರ ಬೆರಳಿನ ಗುಳಿ ಇದ್ದ ಜಾಗದಲ್ಲಿ ಸೀಲಿಂಗಿನ ದೀಪ ಮಿಣುಗುತ್ತಿತ್ತು.

ಬಲಗೈಯನ್ನು ನಕ್ಷೆಯ ಮೇಲೆ, ಆ ಖಾಲಿ ಚೌಕದ ಪಕ್ಕ ಇಟ್ಟೆ. ಬೆರಳು ಅಗಲಿಸಿದೆ.

“ಕುಂಕುಮ ಅಲ್ಲ ಸರ್ ಅದು. ಮೆಹಂದಿ. ನಂದು. ಹಬ್ಬದ ಹಿಂದಿನ ದಿನ ಗ್ಲೌಸ್ ಹರಿದಿತ್ತು. ನಾನೇ ಮಾಡಿದ್ದು. ನೀವಲ್ಲ. ನೀವು ಏನೂ ಮಾಡಿಲ್ಲ.”

ಅವರು ನನ್ನ ಉಗುರುಗಳನ್ನು ನೋಡಿದರು. ಒಂದೊಂದಾಗಿ, ಇಟ್ಟಿಗೆ ನೋಡುವ ಹಾಗೆ. ಬೈಯಲಿ ಎಂದು ಕಾದೆ. ಎದ್ದು ಹೋಗು ಅನ್ನಲಿ ಎಂದು ಕ್ಷಣಕ್ಷಣಕ್ಕೂ ಕಾದೆ. ಅವರ ದೃಷ್ಟಿ ನನ್ನ ಕೈಯಿಂದ ಭರಣಿಗೆ ಹೋಯಿತು. ಅಲ್ಲೇ ನಿಂತಿತು. ತೋರುಬೆರಳನ್ನು ಒಳಗಿಟ್ಟು ತಳವನ್ನು ಸವರಿ, ಬೆರಳನ್ನು ಹೊರಗೆ ತೆಗೆದು ನೋಡಿಕೊಂಡರು.

“ತೊಳೆದುಬಿಟ್ಟೆನಲ್ಲಮ್ಮಾ,” ಎಂದರು.

ನಾನು ಕ್ಷಮೆ ಕೇಳಿದೆ. ಎಷ್ಟು ಸಲ ಕೇಳಿದೆನೋ ಗೊತ್ತಿಲ್ಲ. “ಆಯ್ತಮ್ಮ, ಆಯ್ತು,” ಎಂದು ಅವರೇ ನನ್ನನ್ನು ಸಮಾಧಾನ ಮಾಡಿ, ಕಾಫಿ ಮಾಡಿಕೊಟ್ಟು, ಕತ್ತಲಾಗುವ ಮುಂಚೆ ಮನೆ ಸೇರಿಕೊಳ್ಳಿ ಎಂದು ಕಳಿಸಿದರು.

ಶುಕ್ರವಾರ ಅವರು ಬಂದರು. ಬ್ಯಾಡ್ಜನ್ನು ನಾನೇ ಕೊರಳಿಗೆ ಹಾಕಲು ಹೋದೆ, ಅವರು ಕೈಯಲ್ಲಿ ಇಸಿದುಕೊಂಡು ಹಾಕಿಕೊಂಡರು. ನಲವತ್ತೇಳನೆಯ ಇಟ್ಟಿಗೆಯನ್ನು ಅಳೆದು, ನಕ್ಷೆಯ ಖಾಲಿ ಚೌಕ ತುಂಬಿದರು. ಅದರ ಮೇಲೆ ಮೂರು ಕಲೆಗಳನ್ನೂ ಗುರುತು ಮಾಡಿ, ಪಕ್ಕದಲ್ಲಿ ತಾರೀಖು ಬರೆದರು. ರೋಹಿತ್ ಎಷ್ಟೇ ತೆಗೆದರೂ ಗಾರೆಯೊಳಗೆ ಇಳಿದದ್ದು ಹೋಗಿರಲಿಲ್ಲ. ಹನ್ನೊಂದು ಗಂಟೆಗೆ ಪೆನ್ಸಿಲ್ ಕೆಳಗಿಟ್ಟು, ಅಭ್ಯಾಸದ ಬಲದಿಂದ ಶರ್ಟಿನ ಜೇಬು ಮುಟ್ಟಿಕೊಂಡರು. ಜೇಬು ಖಾಲಿಯಿತ್ತು. ಆಮೇಲೆ ಬ್ಯಾಗು ತೆಗೆದು, ಔಷಧಿ ಅಂಗಡಿಯವರು ಕೊಡುವ ಪ್ಲಾಸ್ಟಿಕ್ ಡಬ್ಬಿಯಿಂದ ಒಂದು ಮಾತ್ರೆ ತೆಗೆದು ನುಂಗಿದರು.